ಗಂಡ ಊರಲ್ಲಿಲ್ಲದ ರಾತ್ರಿ, ಚಿಲಕ ಹಾಕಿದ ಮೇಲೂ ಹೋಗದ ಭಯ

ನನ್ನ ಬಳಿ ಆಪ್ತಸಲಹೆಗೆ ಬಂದ ತಾಯಿಯೊಬ್ಬರ ಪ್ರಕರಣ ಇದು. ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತರ ಆಸುಪಾಸಿನವರು. ಆರು ವರ್ಷದ ಮಗಳಿದ್ದಾಳೆ. ಗಂಡ ಕೆಲಸದ ಮೇಲೆ ತಿಂಗಳಲ್ಲಿ ಹತ್ತು ಹನ್ನೆರಡು ದಿನ ಹೊರಗಿರುತ್ತಾರೆ. ಅಷ್ಟೂ ರಾತ್ರಿ ಇವರಿಗೆ ನಿದ್ದೆ ಇಲ್ಲ. "ಮೇಡಂ, ಹಗಲು ಹೊತ್ತು ಎಲ್ಲಾ ನಾನೇ ನಿಭಾಯಿಸ್ತೀನಿ. ಕತ್ತಲಾದರೆ ಕೈಕಾಲೇ ಆಡಲ್ಲ" ಎಂದರು.

ರಾತ್ರಿ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳಿದೆ. ಮೊದಲು ಸಂಕೋಚಪಟ್ಟರು, ಆಮೇಲೆ ಹೇಳಿದರು. ಮುಂಬಾಗಿಲ ಚಿಲಕ ಹಾಕಿ, ಮಲಗಿ, ಮತ್ತೆ ಎದ್ದು ನೋಡುತ್ತಾರೆ. ಒಂದೇ ರಾತ್ರಿಯಲ್ಲಿ ಇದು ಎಷ್ಟು ಸಲ ಎಂದು ಅವರಿಗೇ ಲೆಕ್ಕ ಸಿಗುವುದಿಲ್ಲ. ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ಕುರ್ಚಿ ಒತ್ತಿಡುತ್ತಾರೆ. ಕುರ್ಚಿಯ ಮೇಲೆ ಸ್ಟೀಲ್ ತಟ್ಟೆಗಳನ್ನು ಪೇರಿಸುತ್ತಾರೆ. ಯಾರಾದರೂ ನೂಕಿದರೆ ಅವು ಬಿದ್ದು ಸದ್ದಾಗಲಿ ಅಂತ. ದಿಂಬಿನ ಕೆಳಗೆ ಚಾಕು. ಕೈಯಲ್ಲಿ ಫೋನ್, ಅದರಲ್ಲಿ ಬಾಗಿಲ ಹೊರಗಿನ ಕ್ಯಾಮೆರಾದ ದೃಶ್ಯ.

ಒಂದು ಸಂಜೆ ಮಗಳು ಗೊಂಬೆಯನ್ನು ಮಲಗಿಸುತ್ತಿದ್ದಳು. ಹೊದಿಕೆ ಹೊದಿಸಿದಳು. ಪುಟ್ಟ ಸ್ಟೂಲೊಂದನ್ನು ಎಳೆದು ಗೊಂಬೆಯ ಮುಂದೆ ಅಡ್ಡ ಇಟ್ಟಳು. ಅದರ ಮೇಲೆ ತನ್ನ ಆಟದ ತಟ್ಟೆಗಳನ್ನು ಜೋಡಿಸಿ, "ಈಗ ಯಾರೂ ಬರಲ್ಲ, ಮಲ್ಕೋ" ಎಂದಳು. ಅದನ್ನು ನೋಡಿದ ಮೇಲೇ ಈ ತಾಯಿ ನನ್ನ ಬಳಿ ಬಂದದ್ದು.

ಇಂಥ ಪ್ರಕರಣದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಯಾರಾದರೂ ನಿಜಕ್ಕೂ ಬೆದರಿಸುತ್ತಿದ್ದಾರಾ? ಹಿಂಬಾಲಿಸುತ್ತಿದ್ದಾರಾ? ಗಂಡ ಮನೆಯಲ್ಲಿದ್ದಾಗ ಅವರನ್ನು ಕಂಡೇ ಭಯ ಏನಾದರೂ ಇದೆಯಾ? ಇದರಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಉಸಿರಾಟದ ಅಭ್ಯಾಸ ಹೇಳಿಕೊಡುತ್ತಾ ಕೂರಬಾರದು. ಆಗ ಆಗಬೇಕಾದ್ದು ಪೊಲೀಸರ ನೆರವು, ಸುರಕ್ಷಿತ ಜಾಗ, ನಂಬಿಕಸ್ತರ ಜೊತೆ. ಭಯ ಸರಿಯಾದ ಸುದ್ದಿಯನ್ನೇ ಹೇಳುತ್ತಿರುವಾಗ ಅದನ್ನು ಸುಮ್ಮನಾಗಿಸುವುದು ಅಪಾಯ. ಇವರ ವಿಷಯದಲ್ಲಿ ಅಂಥದ್ದೇನೂ ಇರಲಿಲ್ಲ. ಒಮ್ಮೆ ನಡುರಾತ್ರಿ ಯಾರೋ ಮನೆ ತಪ್ಪಿ ಬಂದು ಗಂಟೆ ಒತ್ತಿದ್ದರು. ಅಲ್ಲಿಂದ ಶುರು. ಅದಾದ ಮೇಲೆ ಮಲಗುವ ಮೊದಲು ಕಳ್ಳತನದ ವಿಡಿಯೋಗಳನ್ನು ನೋಡುವ ಅಭ್ಯಾಸವೂ ಸೇರಿಕೊಂಡಿತ್ತು. "ಎಚ್ಚರಿಕೆಗೆ ಅಂತ ನೋಡ್ತೀನಿ" ಎಂದರು. ಆ ವಿಡಿಯೋಗಳಿಂದ ಅವರು ಕಲಿತದ್ದು ಒಂದೂ ಇಲ್ಲ, ಹೆದರಿದ್ದು ಮಾತ್ರ ನಿಜ. ಅವತ್ತೇ ಅದನ್ನು ಬಿಡಿಸಿದೆ.

ಅವರಿಗೆ ನಾನು ಮುಖ್ಯವಾಗಿ ಹೇಳಿದ್ದು ಇಷ್ಟು. ಮನೆಯನ್ನು ಭದ್ರ ಮಾಡುವುದು ಒಂದು ಕೆಲಸ, ಭಯ ಇಳಿಸುವುದು ಇನ್ನೊಂದು ಕೆಲಸ. ಮೊದಲನೆಯದಕ್ಕೆ ಕೊನೆ ಇದೆ. ಚಿಲಕ ಗಟ್ಟಿಯಿದ್ದರೆ ಗಟ್ಟಿಯಿದೆ, ಅಲ್ಲಿಗೆ ಮುಗಿಯಿತು. ಎರಡನೆಯದನ್ನೂ ಚಿಲಕದಿಂದಲೇ ಸಾಧಿಸಲು ಹೊರಟರೆ ಎಷ್ಟು ಚಿಲಕ ಹಾಕಿದರೂ ಸಾಲುವುದಿಲ್ಲ. ತಟ್ಟೆ ಪೇರಿಸಿದ್ದರಿಂದ ಕಳ್ಳ ಬರಲಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ತಟ್ಟೆ ಇಲ್ಲದಿದ್ದರೂ ಬರುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ.

ಮತ್ತೆ ಮತ್ತೆ ನೋಡುವುದರ ಬಗ್ಗೆ ಒಂದು ಪ್ರಯೋಗವನ್ನೂ ಹೇಳಿದೆ. 2003ರಲ್ಲಿ ಮಾರ್ಸೆಲ್ ಫಾನ್ ಡೆನ್ ಹೌಟ್ ಮತ್ತು ಮೆರೆಲ್ ಕಿಂಟ್ ಎಂಬ ಸಂಶೋಧಕರು ಪ್ರಕಟಿಸಿದ್ದು. ಕಂಪ್ಯೂಟರ್ ಪರದೆಯ ಮೇಲೆ ಗ್ಯಾಸ್ ಒಲೆ ತೋರಿಸಿ, ಅದನ್ನು ಆರಿಸಿದೆಯಾ ಎಂದು ಜನರಿಂದ ಪದೇ ಪದೇ ಪರೀಕ್ಷೆ ಮಾಡಿಸಿದರು. ಕೊನೆಯ ಸಲ ನೋಡಿದ್ದು ಅವರಿಗೆ ಸರಿಯಾಗಿಯೇ ನೆನಪಿತ್ತು. ಆದರೆ ಆ ನೆನಪಿನ ಮೇಲೆ ನಂಬಿಕೆ ಕಡಿಮೆಯಾಗಿತ್ತು, ಚಿತ್ರ ಮಸುಕಾಗಿತ್ತು. ಇವರು ತಕ್ಷಣ, "ಹೌದು ಮೇಡಂ, ಚಿಲಕ ಹಾಕಿದ್ದು ಇವತ್ತಾ ನಿನ್ನೆಯಾ ಅನ್ನಿಸುತ್ತೆ" ಎಂದರು. ಎರಡನೇ ಸಲ ಎದ್ದು ಹೋಗುವುದರಿಂದಲೇ ಮೂರನೇ ಸಲದ ಅನುಮಾನ ಹುಟ್ಟುತ್ತದೆ.

ಹಾಗಾಗಿ ಭದ್ರತೆಯ ಕೆಲಸವನ್ನು ಹಗಲಲ್ಲಿ, ಗಂಡ ಮನೆಯಲ್ಲಿದ್ದಾಗ, ಇಬ್ಬರೂ ಕೂತು ಒಂದೇ ಸಲ ಮುಗಿಸಲು ಹೇಳಿದೆ. ಸಡಿಲವಾದ ಚಿಲಕ ರಿಪೇರಿಯಾಗಬೇಕು. ಹೊರಗಿನ ದೀಪ ಉರಿಯಬೇಕು. ಕರೆದರೆ ಐದು ನಿಮಿಷದಲ್ಲಿ ಬರಬಲ್ಲ ಇಬ್ಬರನ್ನು ಗೊತ್ತು ಮಾಡಿ, ಅವರನ್ನು ಕೇಳಿ ಒಪ್ಪಿಸಿ, ನಂಬರ್ ಬರೆದಿಡಬೇಕು. ಅದರ ಪಕ್ಕದಲ್ಲೇ ನಿಮ್ಮ ಕಡೆಯ ತುರ್ತು ಸಂಖ್ಯೆ. ಒಂದು ಬೀಗದಕೈ ನಂಬಿಕಸ್ತರ ಹತ್ತಿರ. ಅಪರಿಚಿತರು ಬಂದರೆ ಬಾಗಿಲು ತೆಗೆಯದೆ ಒಳಗಿನಿಂದಲೇ ಮಾತು. ಅನುಮಾನ ಬಂದರೆ ಹೊರಗೆ ಹೋಗಿ ನೋಡಬಾರದು. ಮಗುವನ್ನು ಕರೆದುಕೊಂಡು ಕೋಣೆ ಸೇರಿ, ಬಾಗಿಲು ಹಾಕಿ ಫೋನ್ ಮಾಡಬೇಕು. ಚಾಕುವನ್ನು ಅವತ್ತೇ ಅಡುಗೆಮನೆಗೆ ಕಳಿಸಲು ಹೇಳಿದೆ. ಆರು ವರ್ಷದ ಮಗು ಹೊರಳಾಡುವ ಹಾಸಿಗೆಯಲ್ಲಿ ಚಾಕು ಇರುವುದೇ ಆ ಮನೆಯ ದೊಡ್ಡ ಅಪಾಯವಾಗಿತ್ತು. ಈ ಮಾತಲ್ಲಿ ಮಾತ್ರ ನಾನು ಸ್ವಲ್ಪವೂ ರಿಯಾಯಿತಿ ತೋರಿಸಲಿಲ್ಲ.

ಇನ್ನು ರಾತ್ರಿಯ ಸುತ್ತು. ಮಲಗುವ ಮುಂಚೆ ಒಂದೇ ಸಲ, ನಿಧಾನವಾಗಿ. ಚಿಲಕವನ್ನು ಕೈಯಿಂದ ಮುಟ್ಟಿ, "ಹಿಂಬಾಗಿಲು ಹಾಕಿದೆ" ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಏಳುವಂತಿಲ್ಲ. ಎದ್ದು ನೋಡಬೇಕೆಂಬ ತವಕ ಬಂದೇ ಬರುತ್ತದೆ, ಏರುತ್ತದೆ. ಅದಕ್ಕೆ ಮಣಿಯದೆ ಬಿಟ್ಟರೆ ತಾನಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು ನೆರವಾಗುತ್ತದೆ. ಕ್ಯಾಮೆರಾ ಇರಲಿ, ಆದರೆ ಬೆಕ್ಕು ಓಡಿದರೂ ಬಡಿದುಕೊಳ್ಳುವ ಅದರ ಎಚ್ಚರಿಕೆ ಸದ್ದು ಬೇಡ ಎಂದೆ. ರಾತ್ರಿಯಿಡೀ ಪರದೆ ನೋಡುವವರಿಗೆ ಆ ಕ್ಯಾಮೆರಾದಿಂದ ನೆಮ್ಮದಿ ಸಿಗುವುದಿಲ್ಲ.

ಸದ್ದುಗಳ ವಿಷಯಕ್ಕೆ ಒಂದು ಬೇರೆಯೇ ಕೆಲಸ ಕೊಟ್ಟೆ, ಇದರಿಂದ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪ್ರಯೋಜನವಾಯಿತು. ಗಂಡ ಮನೆಯಲ್ಲಿರುವ ಒಂದು ರಾತ್ರಿ ಇಬ್ಬರೂ ದೀಪ ಆರಿಸಿ ಕೂತು, ಕೇಳಿದ ಪ್ರತಿ ಸದ್ದನ್ನೂ ಬರೆಯಬೇಕು. ಫ್ರಿಜ್ಜಿನ ಮೋಟರ್ ನಿಂತು ಮತ್ತೆ ಶುರುವಾಗುವುದು. ನಲ್ಲಿಯ ಪೈಪಿನೊಳಗಿನ ಗುಡುಗುಡು. ರಾತ್ರಿ ತಂಪಾಗುತ್ತಾ ಬಂದಂತೆ ಮರವೂ ಲೋಹವೂ ಕುಗ್ಗಿ 'ಟಕ್' ಎನ್ನುವುದು. ಹಗಲಲ್ಲೂ ಇಂಥ ಸದ್ದು ಆಗುತ್ತಲೇ ಇರುತ್ತವೆ, ಸುತ್ತಲ ಗಲಾಟೆಯಲ್ಲಿ ಕೇಳಿಸುವುದಿಲ್ಲ ಅಷ್ಟೇ. ಮುಂದಿನ ಭೇಟಿಗೆ ಬಂದಾಗ ಅವರು ಪಟ್ಟಿ ತಂದಿದ್ದರು. "ಅವರಿದ್ದಾಗಲೂ ಇಷ್ಟೆಲ್ಲಾ ಸದ್ದಾಗುತ್ತೆ ಅಂತ ಗೊತ್ತೇ ಇರಲಿಲ್ಲ" ಎಂದರು.

ಕುರ್ಚಿ, ತಟ್ಟೆಗಳನ್ನು ಒಟ್ಟಿಗೇ ತೆಗೆಸಲಿಲ್ಲ. ಮೊದಲು ತಟ್ಟೆ ಮಾತ್ರ. ತಟ್ಟೆ ಇಲ್ಲದ ರಾತ್ರಿಗಳು ಬೇಸರ ತರಿಸುವಷ್ಟು ಮಾಮೂಲಾದ ಮೇಲೆ ಕುರ್ಚಿ. ಕರೆಂಟು ಹೋದ ಒಂದು ರಾತ್ರಿ ಕುರ್ಚಿ ಮತ್ತೆ ಬಾಗಿಲಿಗೆ ಬಂತು. ಅದನ್ನು ಅವರು ಅಪರಾಧ ಮಾಡಿದವರಂತೆ ಹೇಳಿದರು. ಒಂದು ರಾತ್ರಿ ಹಿಂದೆ ಸರಿದರೆ ಏನೂ ಆಗುವುದಿಲ್ಲ, ಮಾರನೇ ರಾತ್ರಿ ತೆಗೆದಿರಲ್ಲ ಎಂದೆ. ಹಾಲ್‌ನಲ್ಲಿ ಸಣ್ಣ ದೀಪ ಉರಿಸಿಯೇ ಮಲಗುತ್ತಾರೆ. ಅದನ್ನು ತೆಗೆಸುವ ಅಗತ್ಯ ನನಗೆ ಕಂಡಿಲ್ಲ.

ಮಗಳ ವಿಷಯ ಅವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಮಕ್ಕಳು ಅಪಾಯವನ್ನು ಅಳೆಯುವುದು ದೊಡ್ಡವರ ಮುಖ ನೋಡಿ. 1985ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದು ವರ್ಷದ ಮಕ್ಕಳನ್ನು ಕೆಳಗೆ ತಗ್ಗಿರುವಂತೆ ಕಾಣುವ ಗಾಜಿನ ಮೇಲೆ ಬಿಟ್ಟು, ಆಚೆ ಬದಿಯಲ್ಲಿ ತಾಯಿಯನ್ನು ನಿಲ್ಲಿಸಿದ್ದರು. ತಾಯಿ ಹೆದರಿದ ಮುಖ ಮಾಡಿದಾಗ 17 ಮಕ್ಕಳಲ್ಲಿ ಒಬ್ಬರೂ ದಾಟಲಿಲ್ಲ. ನಗುಮುಖ ತೋರಿಸಿದಾಗ 19ರಲ್ಲಿ 14 ಮಕ್ಕಳು ದಾಟಿದರು. ಇದನ್ನು ಕೇಳಿ ಆಕೆ ಅತ್ತರು. ತಪ್ಪು ಹೊರಿಸಲು ಹೇಳಿದ್ದಲ್ಲ ಎಂದೆ. ಹೆದರಿಕೆಯನ್ನು ನಿಮ್ಮಿಂದ ಕಲಿತವಳು ಸಮಾಧಾನವನ್ನೂ ನಿಮ್ಮಿಂದಲೇ ಕಲಿಯುತ್ತಾಳೆ. ಅದಕ್ಕೇ ರಾತ್ರಿಯ ಆ ಒಂದು ಸುತ್ತಿಗೆ ಮಗಳನ್ನೂ ಕೈಹಿಡಿದು ಕರೆದುಕೊಂಡು ಹೋಗಿ, ಮುಗಿದ ಮೇಲೆ "ಆಯ್ತು, ಇನ್ನು ಕಥೆ" ಎನ್ನಿ.

"ಕಳ್ಳ ಬಂದ್ರೆ ಏನಮ್ಮಾ?" ಎಂದು ಅವಳು ಕೇಳುತ್ತಿದ್ದಳು. ಯಾವತ್ತೂ ಬರಲ್ಲ ಎಂದರೆ ಮಗು ನಂಬುವುದಿಲ್ಲ. "ಬಾಗಿಲು ಗಟ್ಟಿಯಾಗಿ ಹಾಕಿದೀನಿ. ಏನಾದ್ರೂ ಆದ್ರೆ ಯಾರನ್ನ ಕರೀಬೇಕು ಅಂತ ಅಮ್ಮಂಗೆ ಗೊತ್ತು. ನೋಡ್ಕೊಳ್ಳೋದು ದೊಡ್ಡವರ ಕೆಲಸ." ಇಷ್ಟು ಸಾಕು. ತುರ್ತು ಸಂಖ್ಯೆ, ಮನೆಯ ವಿಳಾಸ ಕಲಿಸಬೇಕು, ಆದರೆ ಹಗಲಲ್ಲಿ, ಪಾಠದಂತೆ. ಅಪ್ಪ ಮನೆಯಲ್ಲಿಲ್ಲ ಎಂದು ಹೊರಗಿನವರಿಗೆ ಹೇಳಬಾರದು ಎಂಬುದನ್ನೂ ಹಾಗೆಯೇ ಮಾಮೂಲಾಗಿ ಹೇಳಬೇಕು. ಹೊರಡುವಾಗ ಅಪ್ಪ ಮಗಳಿಗೆ "ಅಮ್ಮನ್ನ ಚೆನ್ನಾಗಿ ನೋಡ್ಕೋ" ಎನ್ನುತ್ತಿದ್ದರಂತೆ. ಪ್ರೀತಿಯ ಮಾತೇ, ಆದರೆ ಆ ವಯಸ್ಸಿನ ಹೆಗಲಿಗೆ ಅದು ಜಾಸ್ತಿ. ಅದನ್ನು ನಿಲ್ಲಿಸಲು ಹೇಳಿದೆ.

ಗಂಡನನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಮನುಷ್ಯ, ಕಾಳಜಿ ಇದೆ. ರಾತ್ರಿ ನಾಲ್ಕೈದು ಸಲ ಫೋನ್ ಮಾಡಿ "ಬಾಗಿಲು ಹಾಕಿದೀಯ ತಾನೇ?" ಎಂದು ಕೇಳುತ್ತಿದ್ದರು. ಅವರು ಕೇಳಿದಷ್ಟೂ ಇವರಿಗೆ ಅನುಮಾನ. ಗೊತ್ತಾದ ಹೊತ್ತಿಗೆ ಒಂದು ಕರೆ ಮಾಡಿ, ದಿನ ಹೇಗಿತ್ತು ಎಂದು ಮಾತಾಡಿ, ಬಾಗಿಲ ಸುದ್ದಿ ಬೇಡ ಎಂದೆ. ವಾಪಸ್ ಬಂದ ಮೊದಲ ಎರಡು ರಾತ್ರಿ ಮಗಳನ್ನು ಮಲಗಿಸುವುದು, ಬೆಳಗ್ಗೆ ಎಬ್ಬಿಸಿ ಸ್ಕೂಲಿಗೆ ಕಳಿಸುವುದು ಅವರ ಜವಾಬ್ದಾರಿ ಎಂದಾಯಿತು. ನಿದ್ದೆಗೆಟ್ಟ ತಲೆಗೆ ಸಣ್ಣ ಸದ್ದೂ ದೊಡ್ಡದಾಗಿ ಕೇಳುತ್ತದೆ. ಆ ಸಾಲ ತೀರದೆ ಬೇರೇನೂ ಸರಿಹೋಗುವುದಿಲ್ಲ.

ಅದೇ ಭೇಟಿಯಲ್ಲಿ ಆಕೆ ಮೆಲ್ಲಗೆ ಹೇಳಿದ ಮಾತೊಂದಿದೆ. "ಭಯ ಆಗುತ್ತೆ ಅಂದ್ರೆ ಇವರು ಫೋನ್ ಮಾಡ್ತಾರೆ. ಸುಸ್ತಾಗಿದೆ ಅಂದ್ರೆ ಮಾಡಲ್ಲ." ಗಂಡ ತಲೆತಗ್ಗಿಸಿದರು. ಈಗ ಆಕೆ ಸರಿಯಾಗಿ ನಿದ್ದೆ ಮಾಡುತ್ತಿದ್ದಾರೆ. ಆದರೆ ಒಂದು ಮನೆಯ ಭಾರವನ್ನೆಲ್ಲ ಒಬ್ಬರೇ ಹೊರುವ ದಿನಗಳ ಬಗ್ಗೆ ಅವರಿಬ್ಬರೂ ಇನ್ನೂ ಮಾತಾಡಬೇಕಿದೆ. ಮುಂದಿನ ತಿಂಗಳಿಂದ ಇಬ್ಬರೂ ಒಟ್ಟಿಗೆ ಬರುತ್ತಾರೆ.