ತಾಯಿ ಬೆಕ್ಕನ್ನು ನೋಡಿದ್ದೀರಾ?

ಪತ್ರ: ಮಗಳಿಗೆ ಪರ್ಷಿಯನ್ ಬೆಕ್ಕಿನ ಮರಿ ಬೇಕಂತೆ. ಬೆಂಗಳೂರಿನ ಬ್ರೀಡರ್ ಒಬ್ಬರು ಮೂರು ತಿಂಗಳಾಗದೆ ಮರಿ ಕೊಡುವುದಿಲ್ಲ ಅಂತಾರೆ. ಮೇಲಿಂದ ಮನೆಯಲ್ಲಿ ಯಾರಿದ್ದಾರೆ, ಹಗಲು ಯಾರು ನೋಡಿಕೊಳ್ಳುತ್ತಾರೆ ಅಂತ ನೂರೆಂಟು ಪ್ರಶ್ನೆ. ಇನ್ನೊಬ್ಬರು ಆರು ವಾರದ ಮರಿಯನ್ನು ಅರ್ಧ ಬೆಲೆಗೆ, ಸರ್ಟಿಫಿಕೇಟ್ ಸಮೇತ, ನಾಳೆಯೇ ಬಸ್ಸಿಗೆ ಹಾಕುತ್ತಾರಂತೆ. ಯಾರ ಹತ್ತಿರ ತಗೊಳ್ಳಲಿ?
(ಓದುಗರೊಬ್ಬರು, ಕುಮಟಾ)

ಸಂಪಾದಕರ ಉತ್ತರ: ಪ್ರಶ್ನೆ ಕೇಳಿದವರ ಹತ್ತಿರವೇ ತಗೊಳ್ಳಿ ತಂಗಿ. ಮೀನುಪೇಟೆಯಲ್ಲಿ ಪುಕ್ಕಟೆ ಮರಿ ಸಿಗುವಾಗ ದುಡ್ಡು ಯಾಕೆ ಅನ್ನುವವರ ಮಾತಲ್ಲೂ ಹುರುಳಿದೆ. ಆದರೆ ನೀವು ಕೇಳಿದ್ದು ಅದಲ್ಲವಲ್ಲ.

ನಿಮಗೆ ಆ ಪ್ರಶ್ನೆಗಳು ಕಿರಿಕಿರಿ ಅನಿಸಿವೆ. ನನಗೆ ಆ ಬ್ರೀಡರ್ ಮೇಲೆ ಗೌರವ ಬಂತು. ಮೂರು ತಿಂಗಳ ಹಟವೂ ಸುಮ್ನೆ ಅಲ್ಲ. ಮೊದಲ ಲಸಿಕೆ ಎಂಟೊಂಬತ್ತು ವಾರಕ್ಕೆ, ಎರಡನೆಯದು ಅದಾಗಿ ಮೂರ್ನಾಲ್ಕು ವಾರಕ್ಕೆ. ಎಷ್ಟು ಕಚ್ಚಬಹುದು, ಎಲ್ಲಿ ಉಗುರು ಒಳಗಿಡಬೇಕು ಅಂತ ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಗೇ. ಹೊರದೇಶದ ಬೆಕ್ಕಿನ ಸಂಘಗಳೂ 12-13 ವಾರ ಕಾಯಿರಿ ಅನ್ನುತ್ತವೆ.

ಇನ್ನು ಸರ್ಟಿಫಿಕೇಟ್. ಅದರಲ್ಲಿ ಅಜ್ಜ, ಮುತ್ತಜ್ಜನ ಹೆಸರಿರುತ್ತದೆ, ಕಿಡ್ನಿಯ ಸುದ್ದಿ ಇರುವುದಿಲ್ಲ. ಪರ್ಷಿಯನ್ ಬೆಕ್ಕುಗಳಲ್ಲಿ ಪಿಕೆಡಿ ಅಂತ ಒಂದು ಕಾಯಿಲೆ ವಂಶದಲ್ಲೇ ಬರುತ್ತದೆ. ಕಿಡ್ನಿಯಲ್ಲಿ ನೀರುಗುಳ್ಳೆಗಳು ಬೆಳೆಯುತ್ತಾ ಹೋಗುತ್ತವೆ. ತಂದೆ ತಾಯಿಯಲ್ಲಿ ಒಂದಕ್ಕಿದ್ದರೂ ಹೆಚ್ಚುಕಡಿಮೆ ಅರ್ಧ ಮರಿಗಳಿಗೆ ಬರುತ್ತದೆ. ಮರಿ ನೋಡಿದರೆ ಏನೂ ತಿಳಿಯದು. ಸಾಮಾನ್ಯವಾಗಿ ಏಳೆಂಟು ವರ್ಷದ ಹೊತ್ತಿಗೆ ಊಟ ಬಿಡುತ್ತದೆ, ಸೊರಗುತ್ತದೆ. ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ತಂದೆ ತಾಯಿಯ ವರದಿ ತೋರಿಸಿ ಅಂತ ಇಬ್ಬರನ್ನೂ ಕೇಳಿ. ಯಾರು ಸಿಟ್ಟಾಗುತ್ತಾರೆ ನೋಡಿ!

ಶಿರಸಿಯಲ್ಲಿ ನಮ್ಮ ಪರಿಚಯದ ಮೇಷ್ಟ್ರೊಬ್ಬರು ಹೀಗೇ ಬಸ್ಸಿನಲ್ಲಿ ಮರಿ ತರಿಸಿದರು, ಅದೂ ಆಷಾಢದ ಮಳೆಯಲ್ಲಿ. ಉದ್ದ ಕೂದಲು, ಒಣಗದ ಹವೆ. ಮರಿಯ ಜೊತೆ ಗಜಕರ್ಣವೂ ಬಂತು. ಮಕ್ಕಳ ಕುತ್ತಿಗೆ, ಅಜ್ಜಿಯ ಕೈ, ಎಲ್ಲ ಕಡೆ ಉಂಗುರ. ಮಾರಿದವರ ಫೋನು ಅಷ್ಟರಲ್ಲಿ ಸ್ವಿಚ್ ಆಫ್.

ನಾಯಿ ಸಾಕಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂತು. ಬೆಕ್ಕಿನ ಬ್ರೀಡರ್‌ಗಳಿಗೆ ಅಂಥದ್ದು ಬರಲಿಲ್ಲ. ಬಂದಿದ್ದರೂ ಅಗ್ಗಕ್ಕೆ, ಇವತ್ತೇ ಬೇಕು ಅನ್ನುವ ನಮ್ಮನ್ನು ಯಾವ ನಿಯಮ ಕಾಯುತ್ತದೆ? ಅಡಿಕೆ ಸಸಿಯ ಕಥೆಯೂ ಇದೇ ಅಲ್ವಾ? ಯಾವ ತಾಯಿಮರದ ಬೀಜ ಅಂತ ಹೇಳುವವನು, ನಿಮ್ಮ ತೋಟದಲ್ಲಿ ಬಸಿಗಾಲುವೆ ಇದೆಯಾ ಅಂತ ಕೇಳುವವನು ನಮಗೆ ತಲೆಹರಟೆ. ಲಾರಿಯಲ್ಲಿ ತಂದು ಸುರಿಯುವವನ ಹತ್ತಿರ ಮುಗಿಬೀಳುತ್ತೇವೆ. ಫಸಲು ಕಾಣಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಲಾರಿ ಯಾವ ಊರಲ್ಲಿರುತ್ತದೋ. ಆಮೇಲೆ ಹವಾಮಾನಕ್ಕೆ ಬೈಯುತ್ತಾ ಕೂರುತ್ತೇವೆ.

ಬೆಂಗಳೂರಿನಿಂದ ಕಾರವಾರಕ್ಕೆ ಬರುವ ರಾತ್ರಿ ರೈಲು ಕುಮಟಾದಲ್ಲೂ ನಿಲ್ಲುತ್ತದೆ. ಮಗಳನ್ನೂ ಕರೆದುಕೊಂಡು ನೀವೇ ಹೋಗಿ ಬನ್ನಿ. ತಾಯಿ ಬೆಕ್ಕು ಎಲ್ಲಿ ಮಲಗುತ್ತದೆ, ಉಸಿರು ಸರಾಗವಾಗಿದೆಯಾ, ಕಣ್ಣು ಸೋರುತ್ತಿದೆಯಾ ಅಂತ ನೋಡಿ. ಅದಕ್ಕೆ ಮೊದಲು ಯಾರಿಗೂ ಮುಂಗಡ ಹಾಕಬೇಡಿ.