ಕೇಸ್ ಶೀಟಿನಲ್ಲಿ ಬರೀ ‘ಹರ್ನಿಯಾ’ ಅಂತಿದ್ದರೆ ಯಾವ ಐಸಿಡಿ-10 ಕೋಡ್ ಹಾಕಬೇಕು?

ಐಸಿಡಿ-10 ಅಂದರೆ ಕಾಯಿಲೆಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ; ಹರ್ನಿಯಾ ಅಂದರೆ ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಕರುಳಿನಂಥದ್ದು ಹೊರಚಾಚುವುದು. ಬೇರೇನೂ ಬರೆದಿಲ್ಲದಿದ್ದರೆ ಕೆ46.9 (ಬಗೆ ತಿಳಿಸದ, ತೊಡಕಿಲ್ಲದ ಹರ್ನಿಯಾ) ಬಿಟ್ಟು ಗತಿಯಿಲ್ಲ. ಆದರೆ ಸುಮ್ನೆ ಅದನ್ನೇ ಹಾಕಿ ಮುಗಿಸಬೇಡಿ, ಡಾಕ್ಟರನ್ನು ಒಮ್ಮೆ ಕೇಳಿ. ತೊಡೆಸಂದಿನ ಇಂಗ್ವೈನಲ್ ಆದರೆ ಕೆ40, ಹೊಕ್ಕಳಿನದಾದರೆ ಕೆ42, ಹಳೇ ಆಪರೇಷನ್ ಮಾಡಿದ ಜಾಗದ್ದಾದರೆ ಕೆ43.

ಜಾಸ್ತಿ ಗಮನ ಬೇಕಾದ್ದು ಚುಕ್ಕಿಯ ನಂತರದ ಅಂಕಿಗೆ. ಇಂಗ್ವೈನಲ್ ಒಂದೇ ಕಡೆ ಇದ್ದು ತೊಡಕಿಲ್ಲದಿದ್ದರೆ ಕೆ40.9. ಒಳಗೆ ಹೋಗದೆ ಸಿಕ್ಕಿಕೊಂಡಿದ್ದರೆ ಕೆ40.3. ಗ್ಯಾಂಗ್ರೀನ್ ಆಗಿದ್ದರೆ, ಅಂದರೆ ರಕ್ತ ಸಿಗದೆ ಆ ಭಾಗ ಸತ್ತಿದ್ದರೆ, ಕೆ40.4; ಜೊತೆಗೆ ಕರುಳಿನ ಅಡಚಣೆ ಇದ್ದರೂ ಇದೇ ಕೋಡ್. ಎರಡೂ ಕಡೆ ಇದ್ದರೆ ಅಂಕಿ ಬೇರೆ. ಎಡವೋ ಬಲವೋ ಅನ್ನೋದರಿಂದ ಕೋಡ್ ಬದಲಾಗದು, ಆದರೂ ಬರೆದಿಡಿ. ಆಪರೇಷನ್ ಮಾಡುವವರಿಗೆ ಅದು ಬೇಕೇ ಬೇಕು ಅಲ್ವಾ?

ಗರ್ಭಕೋಶ ಜಾರಿದ್ದು ಈ ಗುಂಪಿಗೆ ಸೇರುವುದಿಲ್ಲ. ಅದು ಎನ್81: ಪೂರ್ತಿ ಜಾರಿದ್ದರೆ ಎನ್81.3, ಭಾಗಶಃ ಆದರೆ ಎನ್81.2.