ಒಂದು ವರ್ಷ ಅಂತ ಬಿಟ್ಟರೆ

ನನ್ನಲ್ಲಿಗೆ ಸಲಹೆಗೆ ಬಂದ ಒಬ್ಬ ಹುಡುಗಿಯ ಪ್ರಕರಣ ಇದು. ಬರೆಯಲು ಅಪ್ಪ, ಮಗಳು ಇಬ್ಬರೂ ಒಪ್ಪಿದ್ದಾರೆ. ಹೆಸರು ಮತ್ತು ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಹುಡುಗಿಯನ್ನು ದೀಕ್ಷಾ ಅಂತ ಕರೆಯೋಣ.

ವಯಸ್ಸು 24. ಮನೆ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯವರು, ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ ಒಂದು ಆಫೀಸಿನ ಕ್ಯಾಂಟೀನ್ ನಡೆಸುತ್ತಾರೆ. ಅಮ್ಮ ಮನೆಯಲ್ಲೇ ಹಪ್ಪಳ, ಚಟ್ನಿಪುಡಿ ಮಾಡಿ ಮಾರುತ್ತಾರೆ. ತಮ್ಮ ಹನ್ನೊಂದನೇ ಕ್ಲಾಸು. ದೀಕ್ಷಾ ಬಿಎ ಮುಗಿಸಿ, ಮೂರು ವರ್ಷದಿಂದ ಮನೆಗೆಲಸದ ಹೆಂಗಸರ ನಡುವೆ ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿದ್ದಳು.

ಮಾಟುಂಗಾದ ನನ್ನ ಕೋಣೆಗೆ ಅವಳು ಬಂದದ್ದು ಆಗಸ್ಟ್‌ನ ಒಂದು ಭಾನುವಾರ. ಜೋರು ಮಳೆ. ಸಲ್ವಾರಿನ ಅಂಚು ಒದ್ದೆಯಾಗಿತ್ತು, ಆದರೆ ಎದೆಗವಚಿಕೊಂಡಿದ್ದ ಎರಡು ಪ್ಲಾಸ್ಟಿಕ್ ಫೈಲುಗಳಿಗೆ ಒಂದು ಹನಿಯೂ ತಾಗಿರಲಿಲ್ಲ. ಒಂದರಲ್ಲಿ ಸೀಟು ಸಿಕ್ಕಿದ ಪತ್ರ: ಚರ್ಚ್‌ಗೇಟ್‌ನ ಸರ್ಕಾರಿ ಕಾನೂನು ಕಾಲೇಜು, 3 ವರ್ಷದ ಎಲ್‌ಎಲ್‌ಬಿ. ಇನ್ನೊಂದರಲ್ಲಿ ಜರ್ಮನಿಯ ಒಂದು ವರ್ಷದ ಫೆಲೋಶಿಪ್ ಪತ್ರ. ಅಕ್ಟೋಬರ್ 1ಕ್ಕೆ ಶುರು. ವೀಸಾ ಅಪಾಯಿಂಟ್‌ಮೆಂಟ್‌ಗೆ ಹತ್ತು ದಿನ ಉಳಿದಿತ್ತು. ಎರಡೂ ಕಡೆಗೂ ಹೂಂ ಅಂದುಬಿಟ್ಟಿದ್ದಳು.

"ಮೇಡಂ, ನಾನು ಲಾ ಬಿಡ್ತಾ ಇಲ್ಲ. ಒಂದು ವರ್ಷ ಮುಂದೆ ಹಾಕ್ತೀನಿ ಅಷ್ಟೇ. ಅಪ್ಪನಿಗೆ ಅದು ಅರ್ಥ ಆಗೋದೇ ಇಲ್ಲ" ಅಂದಳು.

ಸೀಟನ್ನು ಮುಂದೆ ಹಾಕಬಹುದು ಅಂತ ಯಾರು ಹೇಳಿದರು ಅಂತ ಕೇಳಿದೆ. ಅವಳ ಗೆಳತಿಯೊಬ್ಬಳಿಗೆ ಅಮೆರಿಕದ ಕಾನೂನು ಶಾಲೆಯಲ್ಲಿ ಸೀಟು ಸಿಕ್ಕಿತ್ತಂತೆ. ಅವಳು ಒಂದು ಪತ್ರ ಬರೆದು ಕಾರಣ ಹೇಳಿದಳು, ಠೇವಣಿ ಕಟ್ಟಿದಳು, ಕಾಲೇಜಿನವರು ಸೀಟನ್ನು ಮುಂದಿನ ವರ್ಷಕ್ಕೆ ಕಾದಿಟ್ಟರು. ಅಲ್ಲಿ ಅದು ಮಾಮೂಲು. ಅದಕ್ಕೆ 'ಡಿಫರ್' ಅಂತಾರೆ. ದೀಕ್ಷಾ ಆ ಪದವನ್ನೇ ಹಿಡಿದುಕೊಂಡು ಒಂದು ತಿಂಗಳು ಮನೆಯಲ್ಲಿ ವಾದ ಮಾಡಿದ್ದಳು.

ನಮ್ಮಲ್ಲಿ ಆ ಪದ್ಧತಿ ಇಲ್ಲ. ಮಹಾರಾಷ್ಟ್ರದಲ್ಲಿ ಕಾನೂನು ಸೀಟು ಸಿಇಟಿ ಅನ್ನುವ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಸಿಗುತ್ತದೆ. ಆ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ. ಸೀಟು ಬಿಟ್ಟರೆ ಬಿಟ್ಟಂತೆಯೇ. ಮತ್ತೆ ಅರ್ಜಿ, ಮತ್ತೆ ಪರೀಕ್ಷೆ, ಮತ್ತೆ ಸುತ್ತು. ಅಂದರೆ ಅವಳು ಮುಂದೆ ಹಾಕುತ್ತಿದ್ದದ್ದು ಓದುವ ಆಸೆಯನ್ನು ಮಾತ್ರ. ಸೀಟನ್ನು ಅವಳು ಕೈಬಿಡುತ್ತಿದ್ದಳು.

ಇದನ್ನು ಹೇಳಿದಾಗ ಅವಳು ಸಿಟ್ಟಾದಳು. ಸಲಹೆಗೆ ಬರುವ ಮಕ್ಕಳಲ್ಲಿ ನಾನು ಇದನ್ನು ತುಂಬ ಸಲ ನೋಡಿದ್ದೇನೆ. ನೋವಾಗದಂಥ ಒಂದು ಪದ ಹುಡುಕಿಕೊಂಡಿರುತ್ತಾರೆ, ಅದರ ಆಸರೆಯಲ್ಲಿ ನಿರ್ಧಾರ ಮಾಡಿರುತ್ತಾರೆ. ಆ ಪದ ತೆಗೆದರೆ ನಿರ್ಧಾರ ನಿಲ್ಲುತ್ತದಾ ಅಂತ ಒಮ್ಮೆ ನೋಡಲೇಬೇಕು. "ಮುಂದೆ ಹಾಕ್ತೀನಿ ಅನ್ನಬೇಡ. ಸೀಟು ಬಿಡ್ತೀನಿ ಅಂತ ಒಂದು ಸಲ ಹೇಳು, ಹೇಗೆ ಕೇಳಿಸುತ್ತೆ ನೋಡು" ಅಂದೆ. ಅವಳಿಗೆ ಹೇಳಲಾಗಲಿಲ್ಲ. ಅಳು ಬಂತು.

ಅವಳ ಮಾವ ಇನ್ನೊಂದು ದಾರಿ ಹೇಳಿದ್ದರಂತೆ. "ಸುಮ್ನೆ ಅಡ್ಮಿಷನ್ ಮಾಡಿಸಿ ಹೋಗು, ಹಾಜರಿ ಯಾರಾದರೂ ನೋಡಿಕೊಳ್ತಾರೆ." ಇದಕ್ಕೆ ನಾನು ಖಡಾಖಂಡಿತ ಬೇಡ ಅಂದೆ. ಕಾನೂನು ಓದಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಪ್ರತಿ ವಿಷಯಕ್ಕೂ ಶೇ. 70 ಹಾಜರಿ ಬೇಕು. ಅದಿರಲಿ, ನ್ಯಾಯ ಕಲಿಯಲು ಹೊರಟವಳು ಮೊದಲ ದಿನವೇ ಸುಳ್ಳು ಸಹಿ ಹಾಕಿಸಬೇಕಾ? ದೀಕ್ಷಾಗೂ ಅದು ಇಷ್ಟವಿರಲಿಲ್ಲ. ಆ ಮಾತು ಅಲ್ಲಿಗೇ ಬಿಟ್ಟೆವು.

ಜರ್ಮನಿಯೇ ಯಾಕೆ ಅಂತ ಕೇಳಿದಾಗ ಅವಳ ದನಿಯೇ ಬೇರೆಯಾಯಿತು. ಅಲ್ಲಿಯವರೆಗೆ ಕೋರ್ಟಿನಲ್ಲಿ ಉತ್ತರ ಕೊಡುವವಳಂತೆ ಕೂತಿದ್ದಳು. ಈಗ ಮುಂದಕ್ಕೆ ಬಾಗಿದಳು. ಮನೆಗೆಲಸದವರ ಹಕ್ಕಿನ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ 189ನೇ ಒಪ್ಪಂದ ಮಾಡಿತು. ಜರ್ಮನಿ 2013ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಭಾರತ ಇನ್ನೂ ಕೊಟ್ಟಿಲ್ಲ. ಮಹಾರಾಷ್ಟ್ರದಲ್ಲಿ 2008ರಿಂದ ಮನೆಗೆಲಸದವರ ಕಲ್ಯಾಣ ಮಂಡಳಿಯ ಕಾಯ್ದೆ ಇದೆ, ಆದರೆ ತಾನು ನೋಡಿದ ಹೆಂಗಸರಲ್ಲಿ ಎಷ್ಟೋ ಜನರಿಗೆ ಅದರ ಹೆಸರೇ ಗೊತ್ತಿಲ್ಲ ಅಂದಳು. ಜರ್ಮನಿಯಲ್ಲಿ ವಾರಕ್ಕೆ ಕೆಲವೇ ಗಂಟೆ ಬಂದು ಹೋಗುವ ಕೆಲಸದವಳನ್ನೂ 'ಮಿನಿಜಾಬ್' ಅಂತ ಮನೆಯವರು ನೋಂದಾಯಿಸಬೇಕು. ಅವಳ ಅಪಘಾತ ವಿಮೆಗೂ ಅವರೇ ಹಣ ಕಟ್ಟಬೇಕು. ಅಲ್ಲೂ ಎಷ್ಟೋ ಮನೆಯವರು ಹಾಗೆ ಮಾಡುವುದಿಲ್ಲವಂತೆ. ಮಾಡುವವರು ಯಾಕೆ ಮಾಡುತ್ತಾರೆ, ಮಾಡದವರು ಯಾಕೆ ಮಾಡುವುದಿಲ್ಲ, ಅದನ್ನು ಹತ್ತಿರದಿಂದ ನೋಡಬೇಕು ಅನ್ನುವುದು ಅವಳ ಆಸೆ.

"ಠಾಕುರ್ಲಿಯಲ್ಲಿ ಮನೆಗೆಲಸ ಮಾಡುವ ಒಬ್ಬರು ಮಾವಶಿ ಇದ್ದಾರೆ ಮೇಡಂ. ಎರಡನೇ ಮಹಡಿಯ ಕಿಟಕಿ ಒರೆಸೋವಾಗ ಬಿದ್ದು ಸೊಂಟ ಹೋಯಿತು. ಮನೆಯವರು ಎರಡು ಸಾವಿರ ಕೊಟ್ಟು ಕೈ ತೊಳೆದುಕೊಂಡರು. ವಕೀಲರನ್ನು ಹುಡುಕೋಕೆ ನಾನು ನಾಲ್ಕು ತಿಂಗಳು ಅಲೆದೆ."

ಲಾ ಮಾಡಬೇಕು ಅನ್ನಿಸಿದ್ದೂ, ಜರ್ಮನಿಗೆ ಅರ್ಜಿ ಹಾಕಿದ್ದೂ ಈ ಒಬ್ಬ ಮಾವಶಿಯಿಂದಲೇ. ಎರಡು ಫೈಲೂ ಒಂದೇ ಕಡೆಯಿಂದ ಬಂದಿದ್ದವು. ಇದು ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಮನೆಯಿಂದ ತಪ್ಪಿಸಿಕೊಳ್ಳಲು ವಿದೇಶದ ದಾರಿ ಹಿಡಿಯುವ ಮಕ್ಕಳೂ ನನ್ನಲ್ಲಿಗೆ ಬರುತ್ತಾರೆ. ಅವರಿಗೆ ಕೊಡುವ ಸಲಹೆ ಬೇರೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ತಿಂಗಳುಗಳನ್ನು ಬರೆದೆವು. ಫೆಲೋಶಿಪ್ ಮುಗಿಯುವುದು ಮುಂದಿನ ಸೆಪ್ಟೆಂಬರ್ ಕೊನೆಗೆ. ಸಿಇಟಿ ಅದಕ್ಕಿಂತ ಎಷ್ಟೋ ಮುಂಚೆ. ಬರ್ಲಿನ್‌ನಲ್ಲಿ ಕೂತು ಬರೆಯುವ ಪರೀಕ್ಷೆ ಅಲ್ಲ ಅದು, ಇಲ್ಲಿನ ಕೇಂದ್ರಕ್ಕೇ ಬಂದು ಕಂಪ್ಯೂಟರ್ ಮುಂದೆ ಕೂರಬೇಕು. ಸೀಟು ಹಂಚುವ ಸುತ್ತುಗಳು ನಡೆಯುವಾಗಲೂ ಅವಳು ಅಲ್ಲೇ ಇರುತ್ತಾಳೆ. ನಡುವೆ ಬಂದು ಪರೀಕ್ಷೆ ಬರೆಯದಿದ್ದರೆ ಅವಳ 'ಒಂದು ವರ್ಷ' ಎರಡು ವರ್ಷ ಆಗುತ್ತದೆ. ಓದು ಮುಗಿಯುವಾಗ 27ರ ಬದಲು 29. ಆಮೇಲೆ ಬಾರ್ ಕೌನ್ಸಿಲ್ ನೋಂದಣಿ, ಬಾರ್ ಪರೀಕ್ಷೆ, ಜೂನಿಯರ್ ಆಗಿ ಪುಡಿಗಾಸಿನ ವರ್ಷಗಳು. ದೀಕ್ಷಾ ಪೆನ್ನಿನ ಮುಚ್ಚಳ ಕಚ್ಚುತ್ತ ಆ ಹಾಳೆಯನ್ನೇ ನೋಡಿದಳು. ಒಂದು ತಿಂಗಳ ಜಗಳದಲ್ಲಿ ಮನೆಯ ಯಾರೂ ಈ ಲೆಕ್ಕ ಹಾಕಿರಲಿಲ್ಲ.

ಎರಡು ಕೆಲಸ ಕೊಟ್ಟು ಕಳಿಸಿದೆ. ಫೆಲೋಶಿಪ್‌ನವರಿಗೆ ಮೇಲ್ ಬರೆದು ಮೂರು ಪ್ರಶ್ನೆ ಕೇಳಬೇಕು: ಮುಂದಿನ ವರ್ಷಕ್ಕೆ ಬದಲಾಯಿಸಬಹುದಾ, ಪರೀಕ್ಷೆಗೆ ನಡುವೆ ಒಂದು ವಾರ ಬರಬಹುದಾ, ಕೊನೆಯಲ್ಲಿ ಸ್ವಲ್ಪ ಬೇಗ ಮುಗಿಸಬಹುದಾ. ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಬರಹದಲ್ಲೇ ಉತ್ತರ ಬರಬೇಕು. ಇನ್ನೊಂದು, ಅಪ್ಪನನ್ನು ಕರೆದುಕೊಂಡು ಬರಬೇಕು.

ಅಪ್ಪ ಬಂದದ್ದು ಗುರುವಾರ ಸಂಜೆ, ಕ್ಯಾಂಟೀನ್ ಮುಚ್ಚಿ. ಬಲಗೈ ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಗುರುತು. ಕುರ್ಚಿಯ ತುದಿಯಲ್ಲಿ ಕೂತರು. "ಹೈಕೋರ್ಟಿನ ಹತ್ರ ಕಪ್ಪು ಕೋಟಿನವರಿಗೆ ಚಾ ಕೊಟ್ಟವ ನಾನು ಮೇಡಂ. ಬಾಬಾಸಾಹೇಬರು ಪ್ರಿನ್ಸಿಪಾಲ್ ಆಗಿದ್ದ ಕಾಲೇಜು ಅದು. ಅಂಥದ್ದನ್ನು ಬಿಡುದಾ?"

ಮಾತು ಸರಿ. 1855ರಲ್ಲಿ ಶುರುವಾದ ಆ ಕಾಲೇಜಿಗೆ ಅಂಬೇಡ್ಕರ್ 1935ರಲ್ಲಿ ಪ್ರಿನ್ಸಿಪಾಲರಾದರು. ದೀಕ್ಷಾ ತಕ್ಷಣ ಅಂದಳು, "ಅಪ್ಪ, ಅವರೂ ಓದು ಅರ್ಧಕ್ಕೆ ನಿಲ್ಲಿಸಿ ಬಂದವರೇ."

ಅದೂ ನಿಜವೇ. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರಕ್ಕೂ ಬ್ಯಾರಿಸ್ಟರ್ ಓದಿಗೂ ಸೇರಿದ್ದರು. ಬರೋಡಾದ ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ವಾಪಸ್ ಬರಬೇಕಾಯಿತು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ಹಣ ಕೂಡಿಸಿ 1920ರಲ್ಲಿ ಮತ್ತೆ ಹೋದರು, ಎರಡನ್ನೂ ಮುಗಿಸಿದರು. ಆದರೆ ನಾನು ಅಪ್ಪ ಮಗಳಿಗೆ ತೋರಿಸಿದ್ದು ಇನ್ನೊಂದನ್ನು. ಲಂಡನ್ ಬಿಡುವ ಮುಂಚೆ ಅವರು ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದಿದ್ದರು. ವಾಪಸ್ ಬರುವ ದಾರಿ ಮಾಡಿಟ್ಟೇ ಹೊರಟಿದ್ದರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದರು. ರಬ್ಬರ್ ಬ್ಯಾಂಡ್ ಸುತ್ತಿತ್ತು. ಒಳಗೆ ನಾಲ್ಕು ಮಡಿಕೆಯ ಎಸ್‌ಎಸ್‌ಸಿ (ಹತ್ತನೇ ಕ್ಲಾಸಿನ) ಅಂಕಪಟ್ಟಿ, ಮಡಿಕೆಗಳಲ್ಲಿ ಅಕ್ಷರ ಅಳಿಸಿಹೋಗಿತ್ತು. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಪಾಸಾದದ್ದು. ಮುಂಬಯಿ ಕನ್ನಡಿಗರಲ್ಲಿ ಎಷ್ಟೋ ಜನ ಹೀಗೇ ರಾತ್ರಿ ಶಾಲೆಯ ಬೆಂಚಿನಿಂದ ಎದ್ದು ಬಂದವರು. ಇವರು ಕಾಲೇಜಿಗೂ ಸೇರಿದ್ದರು. ಅಷ್ಟರಲ್ಲಿ ತಂಗಿಯ ಮದುವೆ ಬಂತು.

"ಧಣಿ ಹೇಳಿದ್ರು, ಒಂದು ವರ್ಷ ಬಿಡು, ಮತ್ತೆ ಮಾಡುವ ಅಂತ. ನಾನೂ ಒಂದು ವರ್ಷ ಅಂತಲೇ ಬಿಟ್ಟವ ಮೇಡಂ."

ದೀಕ್ಷಾಗೆ ಇದು ಗೊತ್ತಿರಲಿಲ್ಲ. 24 ವರ್ಷ ಒಂದೇ ಖೋಲಿಯಲ್ಲಿ ಮಲಗಿ ಎದ್ದವರು. ಅಪ್ಪನಿಗೆ ವಿದೇಶ ಅಂದರೆ ಭಯ, ಹೆಣ್ಣುಮಗಳು ಅಂತ ತಡೆಯುತ್ತಾರೆ ಅಂತಲೇ ಅವಳು ತಿಳಿದಿದ್ದಳು. ಅಂಕಪಟ್ಟಿಯನ್ನು ಕೈಗೆ ತೆಗೆದುಕೊಂಡು, ಮಡಿಕೆ ಹರಿಯದ ಹಾಗೆ ಮೇಜಿನ ಮೇಲೆ ಬಿಡಿಸಿ ಇಟ್ಟಳು. ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ.

ಫೆಲೋಶಿಪ್‌ನವರ ಉತ್ತರ ಮರುವಾರ ಬಂತು. ಮುಂದಿನ ವರ್ಷಕ್ಕೆ ಬದಲಾಯಿಸಲು ಆಗುವುದಿಲ್ಲ, ಬೇಕಾದರೆ ಹೊಸದಾಗಿ ಅರ್ಜಿ ಹಾಕಬಹುದು. ಪರೀಕ್ಷೆಗೆ ಒಂದು ವಾರ ರಜೆ ಕೊಡುತ್ತೇವೆ. ಬೇಗ ಮುಗಿಸುವ ವಿಚಾರ ಆಮೇಲೆ ಮಾತಾಡೋಣ.

ಇಷ್ಟಾದ ಮೇಲೆ ನನ್ನ ಸಲಹೆ ಕೊಟ್ಟೆ. ಸಾಮಾನ್ಯವಾಗಿ ನಾನು ಹೀಗೆ ಮಾಡು ಅಂತ ಹೇಳುವುದಿಲ್ಲ. ಅವಳು ನೇರವಾಗಿ ಕೇಳಿದಳು, ನೇರವಾಗಿಯೇ ಹೇಳಿದೆ: ಹೋಗು. ಸಿಇಟಿ ಪ್ರತಿ ವರ್ಷ ಬರುತ್ತದೆ, ಈ ಕೆಲಸಕ್ಕೆ ಈ ಅವಕಾಶ ಮತ್ತೆ ಬರುತ್ತದೆ ಅನ್ನಲಾಗದು. ಆದರೆ ಸೀಟು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡು. ರದ್ದು ಮಾಡುವುದನ್ನು ಕೊನೆಯ ದಿನದವರೆಗೆ ಎಳೆಯಬೇಡ. ಬೇಗ ಬಿಟ್ಟರೆ ಮುಂದಿನ ಸುತ್ತಿನಲ್ಲಿ ಅದು ಇನ್ನೊಂದು ಮಗುವಿಗೆ ಸಿಗುತ್ತದೆ. ಪರೀಕ್ಷೆಗೆ ಬಂದು ಹೋಗುವ ವಿಮಾನದ ಹಣವನ್ನು ಮೊದಲ ಮೂರು ತಿಂಗಳ ಸ್ಟೈಪೆಂಡ್‌ನಲ್ಲೇ ತೆಗೆದಿಡು, ಅಪ್ಪನ ಹತ್ತಿರ ಕೇಳಬೇಡ. ಮೂಲ ದಾಖಲೆ ಮನೆಯಲ್ಲೇ ಇರಲಿ. ವಾಪಸ್ ಬಂದಾಗ ನಡುವಿನ ವರ್ಷಕ್ಕೆ ಗ್ಯಾಪ್ ಸರ್ಟಿಫಿಕೇಟ್ ಕೇಳುತ್ತಾರೆ, ಫೆಲೋಶಿಪ್ ಪತ್ರ ಜೋಪಾನ. ಒಂದು ವೇಳೆ ಅಲ್ಲಿಗೆ ಹೋದ ಮೇಲೆ ಲಾ ಬೇಡ ಅನ್ನಿಸಿದರೆ, ಅಪ್ಪನಿಗೆ ಮೊದಲು ನೀನೇ ಹೇಳು.

ಅಪ್ಪನಿಗೆ ಹೇಳಿದ್ದು ಕಡಿಮೆ. ನಿಮ್ಮನ್ನು ತಡೆದದ್ದು ಹಣ ಮತ್ತು ಮನೆಯ ಭಾರ. ಅವೆರಡನ್ನೂ ಅವಳ ತಲೆಯ ಮೇಲೆ ನೀವು ಹಾಕಿಲ್ಲ, ಹಾಗಾಗಿ ನಿಮ್ಮ ಒಂದು ವರ್ಷವೂ ಅವಳ ಒಂದು ವರ್ಷವೂ ಒಂದೇ ಅಲ್ಲ.

ಅಮ್ಮನನ್ನು ನಾನು ಒಂದೇ ಸಲ ಭೇಟಿಯಾದೆ, ಅದೂ ಎಲ್ಲ ನಿರ್ಧಾರ ಆದ ಮೇಲೆ. ಅದು ನನ್ನ ತಪ್ಪು. ಮದುವೆಯ ಮಾತು, ವಾಶಿಯ ದೊಡ್ಡಮ್ಮನ ಚುಚ್ಚು ಮಾತು, ಎಲ್ಲವನ್ನೂ ಮನೆಯಲ್ಲಿ ಕೂತು ತಡೆದುಕೊಳ್ಳುವವರು ಅವರೇ. "ಯಾರು ಕೇಳಿದರೂ ಓದಲಿಕ್ಕೆ ಹೋಗಿದ್ದಾಳೆ ಅಂತೇನೆ. ವಾಪಸ್ ಬಂದ ಮೇಲೂ ಓದಲಿಕ್ಕೇ ಹೋಗ್ತಾಳೆ ಅಂದರೆ ನಗ್ತಾರೆ" ಅಂದರು. ಅವರ ಜೊತೆ ಇನ್ನೂ ಎರಡು ಸಲ ಕೂರಬೇಕಿತ್ತು. ಈಗ ಇಂಥ ಪ್ರಕರಣ ಬಂದರೆ ಮೊದಲ ವಾರವೇ ಅಮ್ಮನನ್ನೂ ಕರೆಸುತ್ತೇನೆ.

ಸೀಟು ರದ್ದು ಮಾಡಿ ಮೂಲ ದಾಖಲೆ ವಾಪಸ್ ತರಲು ಅಪ್ಪನೂ ಜೊತೆಗೆ ಹೋಗಿದ್ದರು. ಕ್ಯಾಂಟೀನಿಗೆ ಅರ್ಧ ದಿನ ರಜೆ ಹಾಕಿ.

ದೀಕ್ಷಾ ಪರೀಕ್ಷೆಗೆ ಐದು ದಿನ ಬಂದು ಹೋದಳು. ಅಂಕ ಹೋದ ಸಲಕ್ಕಿಂತ ಕಡಿಮೆ ಬಂದಿದೆ. ಚರ್ಚ್‌ಗೇಟ್‌ನ ಕಾಲೇಜು ಈ ಸಲ ಕಷ್ಟ. ಅವಳು ಮೇಲ್‌ನಲ್ಲಿ ಎರಡೇ ಸಾಲು ಬರೆದಿದ್ದಳು, ಬೇಜಾರಾಗಿದೆ ಅಂತ. ಸಮಾಧಾನದ ಮಾತು ಹೇಳಲಿಲ್ಲ ನಾನು, ಬೇಜಾರಾಗುವ ವಿಷಯವೇ ಅದು. ಮಾವಶಿಯ ಕೇಸು ಎಲ್ಲಿಗೆ ಬಂತು ಅಂತ ಕೇಳಿದೆ. ಅದಕ್ಕೆ ಒಂದು ಪುಟ ಉತ್ತರ ಬಂತು.

ಹೋದ ಭಾನುವಾರ ಅಪ್ಪ ಬಂದಿದ್ದರು. ಕಾನೂನು ಕಾಲೇಜುಗಳ ಪಟ್ಟಿಯ ಪ್ರಿಂಟ್ ತಂದಿದ್ದರು. ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ನಿಮಿಷ ಬರೆದಿದ್ದರು, ಡೊಂಬಿವಲಿಯಿಂದ ಲೋಕಲ್‌ನಲ್ಲಿ ಎಷ್ಟು ಹೊತ್ತು ಅಂತ. ಫಾಸ್ಟ್ ಗಾಡಿಗೆ ಒಂದು, ಸ್ಲೋ ಗಾಡಿಗೆ ಒಂದು.